ಅರಸನ ಮೇಜೂ ಪ್ರವಾದಿಯ ಬಾಯಿಯೂ

ಓದತಕ್ಕ ವೇದಭಾಗ: ಅರಸುಗಳ ಮೊದಲನೆಯ ಗ್ರಂಥ, 22ನೆಯ ಅಧ್ಯಾಯ



ಮತದಾನದ ಕಾಲವು ಹತ್ತಿರವಾದಾಗಲೆಲ್ಲಾ ನಮ್ಮ ಹಳ್ಳಿಯ ಸಭೆಗಳಿಗೆ ಹೊಸ ಹೊಸ ಅತಿಥಿಗಳು ಬರುವದನ್ನು ನೀವು ಕಂಡಿದ್ದೀರಿ. ವರುಷವೆಲ್ಲಾ ನಮ್ಮ ಕೇರಿಯ ದಾರಿಯನ್ನು ಅರಿಯದವರು ಆ ತಿಂಗಳಲ್ಲಿ ಮಾತ್ರ ಅದನ್ನು ಚೆನ್ನಾಗಿ ಅರಿಯುತ್ತಾರೆ. ಪ್ರಾರ್ಥನಾಲಯದ ಬಾಗಿಲಲ್ಲಿ ಚಪ್ಪಲಿಗಳನ್ನು ಬಿಟ್ಟು ಕೈಮುಗಿದು ಒಳಗೆ ಬರುತ್ತಾರೆ. ಉಪದೇಶಿಯ ಕ್ಷೇಮವನ್ನು ವಿಚಾರಿಸುತ್ತಾರೆ. ಗೋಡೆಯ ಬಿರುಕನ್ನು ನೋಡಿ ಮರುಗುತ್ತಾರೆ. ಇಂಥವರು ಬರುವದು ಪಾಪವೆಂದು ನಾವು ಹೇಳುವದಿಲ್ಲ; ದೇವರ ಮನೆಯ ಬಾಗಿಲು ಯಾರಿಗೂ ಮುಚ್ಚಿದ್ದಲ್ಲ. ಆದರೆ ಅವರು ಬಂದು ಹೋದ ಮೇಲೆ ನಮ್ಮ ಬಾಯಿಗೆ ಏನು ಆಗುತ್ತದೆಂಬದನ್ನು ಈ ತಿಂಗಳು ನಾವು ವೇದದ ಬೆಳಕಿನಲ್ಲಿ ವಿಚಾರಿಸೋಣ.

ಇಸ್ರಾಯೇಲಿನ ಅರಸನಾದ ಅಹಾಬನಿಗೂ ಅರಾಮ್ಯರಿಗೂ ಮೂರು ವರುಷ ಯುದ್ಧವಿರಲಿಲ್ಲ. ಆಗ ಯೆಹೂದದ ಅರಸನಾದ ಯೆಹೋಷಾಫಾಟನು ಸಮಾರ್ಯಕ್ಕೆ ಅತಿಥಿಯಾಗಿ ಬಂದನು. ಅಹಾಬನಿಗೆ ರಾಮೋತ್ ಗಿಲ್ಯಾದ್ ಎಂಬ ಪಟ್ಟಣವನ್ನು ಅರಾಮ್ಯರಿಂದ ಕಿತ್ತುಕೊಳ್ಳಬೇಕೆಂಬ ಆಸೆಯಿತ್ತು. ಅತಿಥಿಯ ಸೈನ್ಯವೂ ಸೇರಿದರೆ ಕಾರ್ಯವು ಸುಲಭವೆಂದು ಎಣಿಸಿದನು. ಯೆಹೋಷಾಫಾಟನು ಒಪ್ಪಿದನು, ಆದರೆ ಮೊದಲು ಯೆಹೋವನ ಚಿತ್ತವನ್ನು ಕೇಳೋಣವೆಂದನು. ಒಪ್ಪಿಗೆಯನ್ನು ಕೊಟ್ಟ ಮೇಲೆ ದೇವರ ಚಿತ್ತವನ್ನು ಕೇಳುವ ಈ ಪದ್ಧತಿಯು ನಮ್ಮ ಸಭೆಗಳಲ್ಲಿಯೂ ಇಲ್ಲದಿಲ್ಲ.

ಅಹಾಬನು ಸುಮಾರು 400 ಮಂದಿ ಪ್ರವಾದಿಗಳನ್ನು ಕೂಡಿಸಿದನು. ಸಮಾರ್ಯದ ಊರಬಾಗಿಲ ಮುಂದಿನ ಕಣದಲ್ಲಿ ಇಬ್ಬರು ಅರಸರೂ ರಾಜವಸ್ತ್ರಗಳನ್ನು ಧರಿಸಿ ಸಿಂಹಾಸನಗಳ ಮೇಲೆ ಕುಳಿತರು. ಕಣವೆಂದರೆ ನಿಮಗೆ ಹೇಳಬೇಕೇ? ತೆನೆಯನ್ನು ತುಳಿಸಿ, ಗಾಳಿಗೆ ತೂರಿ, ಕಾಳನ್ನೂ ಹೊಟ್ಟನ್ನೂ ಬೇರೆ ಮಾಡುವ ಸ್ಥಳ. ಆ ದಿನ ಅಲ್ಲಿ ತೂರಲ್ಪಟ್ಟದ್ದು ಮನುಷ್ಯರ ಮಾತು. ನಾನೂರು ಮಂದಿಯೂ ಒಂದೇ ಬಾಯಾಗಿ, ಹೊರಡು, ಜಯವು ನಿನ್ನದೇ ಎಂದರು. ಚಿದ್ಕೀಯನೆಂಬವನು ಕಬ್ಬಿಣದ ಕೊಂಬುಗಳನ್ನೇ ಮಾಡಿಸಿಕೊಂಡು ಬಂದು, ಇವುಗಳಿಂದ ಅರಸನು ಅರಾಮ್ಯರನ್ನು ಇರಿದು ತೀರಿಸುವನೆಂದು ಆಡಿ ತೋರಿಸಿದನು. ಇವರು ಬಾಳನ ಹೆಸರನ್ನು ಎತ್ತಲಿಲ್ಲವೆಂಬದನ್ನು ಗಮನಿಸಿರಿ. ಚಿದ್ಕೀಯನು ಕೊಂಬುಗಳನ್ನು ಹಿಡಿದು ಆಡಿದ್ದೂ ಯೆಹೋವನ ಹೆಸರಿನಲ್ಲಿಯೇ. ಹೆಸರು ಸರಿಯಾಗಿತ್ತು, ಮಾತು ಅರಸನದಾಗಿತ್ತು.

ಯೆಹೋಷಾಫಾಟನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಯೆಹೋವನನ್ನು ಕೇಳುವದಕ್ಕೆ ಇನ್ನು ಯಾರೂ ಇಲ್ಲವೋ ಎಂದು ವಿಚಾರಿಸಿದನು. ಅಹಾಬನು ಒಬ್ಬನಿದ್ದಾನೆಂದು ಒಪ್ಪಿಕೊಂಡನು: ಇಮ್ಲನ ಮಗನಾದ ಮೀಕಾಯೆಹು. ಆದರೆ ತನಗೆ ಅವನ ಮೇಲೆ ದ್ವೇಷವುಂಟೆಂದೂ, ಯಾಕಂದರೆ ಅವನು ತನ್ನ ವಿಷಯವಾಗಿ ಒಂದು ದಿನವಾದರೂ ಒಳ್ಳೇದನ್ನು ನುಡಿಯುವವನಲ್ಲವೆಂದೂ ದೂರಿದನು. ಈ ದೂರನ್ನು ಓದುವಾಗ ನಮಗೆ ನಗು ಬರುತ್ತದೆ, ನಗುವಿನ ಹಿಂದೆ ಭಯವೂ ಬರುತ್ತದೆ. ನಮ್ಮಲ್ಲಿ ಎಷ್ಟು ಮಂದಿ ಉಪದೇಶಿಗಳ ವಿಷಯವಾಗಿ ಅಧಿಕಾರವುಳ್ಳ ಯಾವನಾದರೂ ಇಂಥಾ ದೂರನ್ನು ಹೇಳಿಯಾನು?

ಈ ಕಥೆಯಲ್ಲಿ ನಾವು ಹೆಚ್ಚಾಗಿ ಧ್ಯಾನಿಸತಕ್ಕದ್ದು ಮೀಕಾಯೆಹುವನ್ನು ಕರೆಯಲು ಹೋದ ದೂತನ ಮಾತು. ಅವನು ಬೆದರಿಸಲಿಲ್ಲ. ಕತ್ತಿಯನ್ನು ಹಿರಿಯಲಿಲ್ಲ. ದಾರಿಯಲ್ಲಿ ಸ್ನೇಹಿತನಂತೆ ಬುದ್ಧಿ ಹೇಳಿದನು: ಎಲ್ಲರೂ ಅರಸನಿಗೆ ಒಳ್ಳೇದನ್ನೇ ನುಡಿದಿದ್ದಾರೆ, ನಿನ್ನ ಮಾತೂ ಅವರ ಮಾತಿನಂತಿರಲಿ ಎಂದು. ಪ್ರಿಯರೇ, ಸಿಂಹದ ಗವಿಯನ್ನೂ ಉರಿಯುವ ಕುಲುಮೆಯನ್ನೂ ಕಂಡರೆ ದೇವಭಕ್ತನು ಎಚ್ಚತ್ತುಕೊಳ್ಳುತ್ತಾನೆ. ಆದರೆ ಹಿತವನ್ನು ಬಯಸುವವನಂತೆ ಹೆಗಲ ಮೇಲೆ ಕೈಯಿಟ್ಟು ಹೇಳುವ ಇಂಥಾ ಮಾತಿಗೆ ಎಚ್ಚರವಾಗುವದು ಕಷ್ಟ. ಸಭೆಯ ಮೇಲುಗಾಗಿಯೇ ಅಲ್ಲವೇ, ಎಲ್ಲರೂ ಮಾಡುವದೇ ಅಲ್ಲವೇ, ಒಂದು ಮಾತು ಹೇಳಿದರೆ ಏನು ಕಳಕೊಳ್ಳುತ್ತೀರಿ ಎಂದು ಕೇಳುವ ದೂತನು ಸಮಾರ್ಯದಲ್ಲಿ ಸಾಯಲಿಲ್ಲ.

ಮೀಕಾಯೆಹು ನುಡಿದದ್ದನ್ನು ನೀವು ವೇದದಲ್ಲಿಯೇ ಓದಿಕೊಳ್ಳಿರಿ. ಇಸ್ರಾಯೇಲ್ಯರೆಲ್ಲರೂ ಕುರುಬನಿಲ್ಲದ ಕುರಿಗಳ ಹಾಗೆ ಬೆಟ್ಟಗಳ ಮೇಲೆ ಚದರಿಹೋದದ್ದನ್ನು ಅವನು ಕಂಡನು. ಅರಸರು ಕೇಳಿದ್ದು ಪಟ್ಟಣದ ವಿಷಯ, ಪ್ರವಾದಿಯು ಕಂಡದ್ದು ಕುರಿಗಳ ವಿಷಯ. ಇದಕ್ಕಾಗಿ ಚಿದ್ಕೀಯನು ಅವನ ಕೆನ್ನೆಗೆ ಹೊಡೆದನು. ಹೊಡೆದವನು ಅರಸನಲ್ಲ, ಸೈನಿಕನೂ ಅಲ್ಲ, ಅವನಂತೆಯೇ ಪ್ರವಾದಿಯೆನ್ನಿಸಿಕೊಂಡವನು. ಅಹಾಬನು, ತಾನು ಸುರಕ್ಷಿತನಾಗಿ ಹಿಂದಿರುಗುವ ವರೆಗೂ ಇವನಿಗೆ ಸೆರೆಮನೆಯಲ್ಲಿ ಕಷ್ಟದ ರೊಟ್ಟಿಯನ್ನೂ ನೀರನ್ನೂ ಕೊಡಿರೆಂದು ಅಪ್ಪಣೆ ಮಾಡಿ ಯುದ್ಧಕ್ಕೆ ಹೋದನು. ವೇಷವನ್ನು ಬದಲಿಸಿಕೊಂಡು ಹೋದರೂ, ಯಾವನೋ ಒಬ್ಬನು ಗುರಿಯಿಲ್ಲದೆ ಎಸೆದ ಬಾಣವು ಕವಚದ ಸಂದಿನಲ್ಲಿ ತಾಗಿ, ಸಂಜೆಗೆ ರಥದಲ್ಲಿಯೇ ಸತ್ತನು.

ಇಲ್ಲಿ ನಾವು ರೊಟ್ಟಿಯ ವಿಷಯವನ್ನು ಸ್ವಲ್ಪ ನೋಡಬೇಕು; ಯಾಕಂದರೆ ಅಹಾಬನ ಕಥೆಯಲ್ಲಿ ರೊಟ್ಟಿಯು ಮತ್ತೆ ಮತ್ತೆ ಬರುತ್ತದೆ. ಇದೇ ಗ್ರಂಥದ 18ನೆಯ ಅಧ್ಯಾಯದಲ್ಲಿ ಅಶೇರ ದೇವತೆಯ ಪ್ರವಾದಿಗಳಾದ 400 ಮಂದಿಯು ಈಜೆಬೆಲಳ ಮೇಜಿನಲ್ಲಿ ಉಣ್ಣುತ್ತಿದ್ದರೆಂದು ಬರೆದಿದೆ. ಕಣದಲ್ಲಿ ಕೂಡಿದ ನಾನೂರು ಮಂದಿಯು ಅವರೇ ಎಂದು ವೇದವು ಹೇಳುವದಿಲ್ಲ, ನಾವೂ ಹೇಳಬಾರದು. ಆದರೂ ಮೇಜಿನಲ್ಲಿ ಉಂಡವನ ಬಾಯಿ ಮೇಜಿನ ಒಡೆಯನ ಮುಂದೆ ಹೇಗೆ ತೆರೆದೀತು ಎಂಬದು ಎರಡು ಕಡೆಗೂ ಒಂದೇ. ಅದೇ ಅಧ್ಯಾಯದಲ್ಲಿ ಇನ್ನೊಂದು ರೊಟ್ಟಿಯುಂಟು. ಅರಮನೆಯ ಮೇಲ್ವಿಚಾರಕನಾದ ಓಬದ್ಯನು, ರಾಣಿಯು ಯೆಹೋವನ ಪ್ರವಾದಿಗಳನ್ನು ಕೊಲ್ಲಿಸುತ್ತಿದ್ದಾಗ, ನೂರು ಮಂದಿಯನ್ನು ಐವತ್ತೈವತ್ತಾಗಿ ಗವಿಗಳಲ್ಲಿ ಅಡಗಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟು ಸಾಕಿದನು. ಈತನೂ ಅರಸನ ಸಂಬಳಗಾರನೇ. ಆದುದರಿಂದ ಸರಕಾರದ ಕೆಲಸ ಮಾಡುವವನು, ಪಂಚಾಯಿತಿಯಲ್ಲಿ ಸದಸ್ಯನಾಗುವವನು ದೇವರಿಂದ ದೂರನಾದನೆಂದು ಯಾರೂ ತಿಳಿಯಬಾರದು. ನಮ್ಮ ಸಭೆಗಳಿಂದ ಅಂಥಾ ಓಬದ್ಯರು ಇನ್ನೂ ಹೆಚ್ಚಾಗಿ ಏಳಲಿ. ಓಬದ್ಯನು ತನ್ನ ಕೆಲಸವನ್ನು ಮಾಡಿ ಕೂಲಿಯನ್ನು ತೆಗೆದುಕೊಂಡನು. ದೇವರ ಹೆಸರಿನಲ್ಲಿ ಮಾತಾಡುತ್ತೇನೆಂದು ಹೇಳಿಕೊಂಡು ಮಾತಿಗೆ ಬೆಲೆಯನ್ನು ತೆಗೆದುಕೊಳ್ಳಲಿಲ್ಲ.

ಆಮೋಸನ ಗ್ರಂಥದ 7ನೆಯ ಅಧ್ಯಾಯದಲ್ಲಿ ಬೇತೇಲಿನ ಯಾಜಕನಾದ ಅಮಚ್ಯನ ಕಥೆಯೂ ಇದೇ. ದನಕಾಯುವವನೂ ಅತ್ತಿಹಣ್ಣು ಕೀಳುವವನೂ ಆದ ಆಮೋಸನಿಗೆ ಅವನು ಇಲ್ಲಿ ಪ್ರವಾದಿಸಬೇಡವೆಂದಾಗ ಕೊಟ್ಟ ಕಾರಣವೇನಂದರೆ, ಇದು ಅರಸನ ಪವಿತ್ರಾಲಯ ಎಂಬದು. ಹೌದು, ಅದನ್ನು ಹಿಂದೆ ಒಬ್ಬ ಅರಸನೇ ಚಿನ್ನದ ಬಸವನನ್ನು ಇಡಿಸಿ ಸ್ಥಾಪಿಸಿದ್ದನು. ಯಾರು ಕಟ್ಟಿಸಿದನೋ ಅವನ ಕಿವಿಗೆ ನೋವಾಗದಂತೆ ಕಾಯುವದು ಅಲ್ಲಿನ ಯಾಜಕನ ಮುಖ್ಯ ಕೆಲಸವಾಗಿಬಿಟ್ಟಿತ್ತು.

ಇವೆಲ್ಲಾ ಹಳೆಯ ಒಡಂಬಡಿಕೆಯ ಕಾಲದವುಗಳೆಂದು ಕೆಲವರು ಹೇಳಿಯಾರು. ಹಾಗಾದರೆ ನೂರು ವರುಷವೂ ಆಗದ ಒಂದು ಸಂಗತಿಯನ್ನು ಹೇಳುತ್ತೇವೆ. ಅದು ಜರ್ಮನಿ ದೇಶದ್ದು. ಆ ದೇಶದ ಸಭೆಯು ನಮಗೆ ಅನ್ಯವಲ್ಲ. 1833ರಲ್ಲಿ ಇಂಗ್ಲಿಷ್ ಸರಕಾರವು ಕಾನೂನನ್ನು ಬದಲಿಸಿ ಬೇರೆ ದೇಶಗಳ ಮಿಶನರಿಗಳಿಗೂ ಬಾಗಿಲನ್ನು ತೆರೆದ ಮೇಲೆ, 1834ನೇ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದಿಳಿದರು. ಬಾಸೆಲ್ ಪಟ್ಟಣವು ಸ್ವಿಟ್ಜರ್ಲೆಂಡಿನದಾದರೂ ಆ ಮಿಶನಿನ ಸೇವಕರಲ್ಲಿ ಬಹು ಮಂದಿ ಜರ್ಮನ್ ಹಳ್ಳಿಗಳವರು. ನಮ್ಮ ಹಿರಿಯರಲ್ಲಿ ಅನೇಕರು ಅವರ ಬಾಯಿಂದಲೇ ಸುವಾರ್ತೆಯನ್ನು ಕೇಳಿದವರು. 1914ರಲ್ಲಿ ಮಹಾಯುದ್ಧವು ಹುಟ್ಟಲಾಗಿ, ಬಾಗಿಲನ್ನು ತೆರೆದಿದ್ದ ಅದೇ ಸರಕಾರವು ಜರ್ಮನ್ ಮಿಶನರಿಗಳನ್ನು ಹಿಡಿದಿಟ್ಟು ಹೊರಗೆ ಕಳುಹಿಸಿತು. ಆಗ ಈ ನಾಡಿನ ಉಪದೇಶಿಗಳೂ ಸಭೆಯ ಹಿರಿಯರೂ ಭಾರವನ್ನು ಹೊತ್ತರು; ಸಭೆಯು ಉಳಿಯಿತು. ಸರಕಾರದ ಕೈಯಿಂದ ಬಂದದ್ದು ಸರಕಾರದ ಕೈಯಿಂದಲೇ ಹೋಗಬಹುದೆಂಬದನ್ನು ನಮ್ಮ ಅಜ್ಜಂದಿರು ಪುಸ್ತಕದಿಂದ ಕಲಿತವರಲ್ಲ.

ಆ ಜರ್ಮನಿಯಲ್ಲಿ 1933ನೇ ಜನವರಿ 30ರಂದು ಹಿಟ್ಲರನು ಅಧಿಕಾರಕ್ಕೆ ಬಂದನು. ಅವನು ಸಭೆಗೆ ಮೊದಲು ಕೊಟ್ಟದ್ದು ಪೆಟ್ಟಲ್ಲ, ಮಾನ. ಮಾರ್ಚ್ 23ರಂದು ರಾಜ್ಯಸಭೆಯಲ್ಲಿ ಮಾತಾಡಿ ಕ್ರೈಸ್ತ ಸಭೆಗಳನ್ನು ಹೊಗಳಿದನು, ಅವುಗಳ ಹಕ್ಕುಗಳನ್ನು ಕಾಪಾಡುವೆನೆಂದನು. ನಾಸ್ತಿಕರಿಂದ ದೇಶವನ್ನು ಬಿಡಿಸುವವನು ಬಂದನೆಂದು ಅನೇಕ ಬೋಧಕರು ಸಂತೋಷಪಟ್ಟರು. ಅದೇ ಜುಲೈಯಲ್ಲಿ ನಡೆದ ಸಭಾ ಚುನಾವಣೆಯ ಮುನ್ನಾ ದಿನ ಅವನೇ ರೇಡಿಯೋದಲ್ಲಿ ಮಾತಾಡಿ ತನ್ನ ಪಕ್ಷದ ಬೋಧಕರಿಗೆ ಬೆಂಬಲ ಕೊಟ್ಟನು. ಅವರು ಬಹುಮತದಿಂದ ಗೆದ್ದರು. ಸೆಪ್ಟೆಂಬರಿನಲ್ಲಿ ಲೂಥರನ ಪಟ್ಟಣವಾದ ವಿಟ್ಟೆನ್‌ಬರ್ಗಿನಲ್ಲಿಯೇ ಅವನಿಗೆ ಬೇಕಾದ ಮ್ಯುಲ್ಲರ್ ಎಂಬವನು ಇಡೀ ರಾಜ್ಯದ ಬಿಷಪನಾಗಿ ಆರಿಸಲ್ಪಟ್ಟನು. ಮಾನವು ಮುಂಗಡವಾಗಿತ್ತು, ಲೆಕ್ಕವು ಹಿಂದೆಯೇ ಬಂತು. ಯೆಹೂದ್ಯ ವಂಶದಲ್ಲಿ ಹುಟ್ಟಿದ ಬೋಧಕರನ್ನು ಸಭಾಸೇವೆಯಿಂದ ತೆಗೆದುಹಾಕಬೇಕೆಂದು ಆ ಸೆಪ್ಟೆಂಬರಿನಲ್ಲಿಯೇ ಪ್ರಷ್ಯದ ಸಿನೋಡು ಗೊತ್ತುಮಾಡಿತು. ಕರ್ತನಾದ ಯೇಸುವೇ ಯೆಹೂದ್ಯಳ ಗರ್ಭದಲ್ಲಿ ಹುಟ್ಟಿದವನೆಂಬದು ಆ ಪಂಡಿತರಿಗೆ ತಿಳಿಯದ ಸಂಗತಿಯೇ?

ಎಲ್ಲರೂ ಹಾಗಿರಲಿಲ್ಲ. 1934ನೇ ಮೇ ತಿಂಗಳಲ್ಲಿ ಬಾರ್ಮೆನ್ ಎಂಬಲ್ಲಿ ಕೂಡಿದ ಕೆಲವರು, ಸಭೆಗೆ ಕ್ರಿಸ್ತನೊಬ್ಬನೇ ಒಡೆಯನೆಂಬ ಅರಿಕೆಯನ್ನು ಪ್ರಕಟಿಸಿದರು. ಅವರಲ್ಲಿ ದೊಡ್ಡ ಹೆಸರಿನ ವೇದಪಂಡಿತರು ಇದ್ದರು. ನಾವಾದರೋ ಹಳ್ಳಿಯವರಾದದರಿಂದ, ಆ ಕಾಲದ ಒಬ್ಬ ಹಳ್ಳಿಯ ಬೋಧಕನ ಕಥೆಯನ್ನು ಹೇಳುತ್ತೇವೆ.

ಪೌಲ್ ಶ್ನೈಡರ್ ಎಂಬ ಈತನಿಗೆ ಡಿಕೆನ್‌ಶೀಡ್, ವೊಮ್ರಾತ್ ಎಂಬ ಎರಡು ಸಣ್ಣ ಹಳ್ಳಿಗಳ ಸಭೆಗಳಿದ್ದವು. ಮನೆಯಲ್ಲಿ ಹೆಂಡತಿಯೂ ಕಾಲಕ್ರಮದಲ್ಲಿ ಆರು ಮಂದಿ ಮಕ್ಕಳೂ ಆದರು. 1934ನೇ ಜೂನ್ ತಿಂಗಳಲ್ಲಿ ಆ ಪಕ್ಷದ ಯುವಕರ ಸಂಘಕ್ಕೆ ಸೇರಿದ ಒಬ್ಬ ಹುಡುಗನ ಶವಸಂಸ್ಕಾರವನ್ನು ಈತನು ನಡಿಸುತ್ತಿದ್ದಾಗ, ಪಕ್ಷದ ನಾಯಕನೊಬ್ಬನು ಗೋರಿಯ ಬಳಿಯಲ್ಲಿ ನಿಂತು, ಸತ್ತ ಹುಡುಗನು ಪರಲೋಕದಲ್ಲಿ ತಮ್ಮ ಪಕ್ಷದ ವೀರನ ದಂಡಿಗೆ ಸೇರಿದನೆಂದು ಭಾಷಣ ಮಾಡಿದನು. ಶ್ನೈಡರನು ಅಲ್ಲಿಯೇ ಎದುರು ನುಡಿದು, ಪರಲೋಕದಲ್ಲಿ ಅಂಥಾ ದಂಡು ಇದೆಯೆಂಬದು ದೇವರ ವಾಕ್ಯದಲ್ಲಿ ಇಲ್ಲವೆಂದನು. ಅದಕ್ಕಾಗಿ ಒಂದು ವಾರ ಸೆರೆ. ಮಾತಾಡದೆ ಇದ್ದಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಮರಣದ ಮನೆಯಲ್ಲಿ ಜಗಳವೇಕೆಂದು ಎಷ್ಟೋ ಮಂದಿ ತಮ್ಮನ್ನು ಸಮಾಧಾನಪಡಿಸಿಕೊಳ್ಳುತ್ತಿದ್ದರು. ಆದರೆ ಗೋರಿಯ ಬಳಿಯಲ್ಲಿ ಸುಳ್ಳನ್ನು ಬಿಟ್ಟುಕೊಟ್ಟವನು ಪ್ರಸಂಗ ಪೀಠದಲ್ಲಿ ಸತ್ಯವನ್ನು ಎಲ್ಲಿಂದ ತರುವನು?

1937ರಲ್ಲಿ ಆತನನ್ನು ಮತ್ತೆ ಹಿಡಿದು, ತನ್ನ ಸೀಮೆಗೆ ಕಾಲಿಡಬಾರದೆಂದು ಗಡೀಪಾರು ಮಾಡಿದರು. ಅಕ್ಟೋಬರ್ 3ನೇ ತಾರೀಖು ಸುಗ್ಗಿಯ ಸ್ತೋತ್ರದ ಹಬ್ಬ. ಆ ಹಬ್ಬದಲ್ಲಿ ಕುರುಬನು ಮಂದೆಯ ಸಂಗಡ ಇರಬೇಕೆಂದು ಆತನು ಹಿಂದಿರುಗಿ ಬಂದು ಡಿಕೆನ್‌ಶೀಡಿನಲ್ಲಿ ಪ್ರಸಂಗ ಮಾಡಿದನು. ಸಂಜೆ ವೊಮ್ರಾತಿನ ಆರಾಧನೆಗೆ ಹೋಗುವ ದಾರಿಯಲ್ಲಿ ಹಿಡಿಯಲ್ಪಟ್ಟನು. ನವೆಂಬರಿನಲ್ಲಿ ಬುಖನ್‌ವಾಲ್ಡ್ ಎಂಬ ಘೋರವಾದ ಬಂದೀಶಿಬಿರಕ್ಕೆ ಒಯ್ದರು. ಅಲ್ಲಿ ಹಿಟ್ಲರನ ಹುಟ್ಟುಹಬ್ಬದ ದಿನ ಪಕ್ಷದ ಧ್ವಜಕ್ಕೆ ಟೊಪ್ಪಿಗೆ ತೆಗೆದು ನಮಿಸಲಿಲ್ಲವೆಂದು ಹೊಡೆದು ಒಂಟಿ ಕೋಣೆಗೆ ಹಾಕಿದರು. ಕೈದಿಗಳು ಹಾಜರಿಗಾಗಿ ಬೈಲಿನಲ್ಲಿ ನಿಂತಿರುವಾಗ ಆತನು ಆ ಕೋಣೆಯ ಕಿಟಕಿಯಿಂದ ದೇವರ ವಾಕ್ಯವನ್ನು ಕೂಗಿ ಹೇಳುತ್ತಿದ್ದನು. ಕೆಲವು ಮಾತುಗಳಾಗುವಷ್ಟರಲ್ಲಿ ಪೆಟ್ಟುಗಳು ಬೀಳುತ್ತಿದ್ದವು. ಇನ್ನು ನನ್ನ ಸಭೆಗೆ ಹೋಗುವದಿಲ್ಲವೆಂದು ಒಂದು ಕಾಗದಕ್ಕೆ ರುಜು ಹಾಕಿದ್ದರೆ ಬಿಡುಗಡೆ ಸಿಕ್ಕುತ್ತಿತ್ತು, ಆತನು ಹಾಕಲಿಲ್ಲ. 1939ನೇ ಜುಲೈ 18ರಂದು ಸೂಜಿಮದ್ದಿನಿಂದ ಆತನನ್ನು ಕೊಂದರು. ಆಗ ಆತನಿಗೆ 41 ವರುಷ. ಇದನ್ನು ಬರೆಯುವ ನಮ್ಮ ವಯಸ್ಸೂ ಹೆಚ್ಚು ಕಡಿಮೆ ಅಷ್ಟೇ, ಮತ್ತು ನಾವು ಈ ಸಾಲನ್ನು ಬರೆಯುವಾಗ ಲೇಖನಿಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಯುದ್ಧವು ಮುಗಿದ ಮೇಲೆ 1945ನೇ ಅಕ್ಟೋಬರಿನಲ್ಲಿ ಜರ್ಮನ್ ಸಭೆಯ ನಾಯಕರು ಸ್ಟುಟ್‌ಗಾರ್ಟಿನಲ್ಲಿ ಕೂಡಿ ತಮ್ಮ ದೋಷವನ್ನು ಬರೆದು ಅರಿಕೆ ಮಾಡಿದರು. ಅರಿಕೆ ಮಾಡಿದವರಲ್ಲಿ ಎಂಟು ವರುಷ ಸೆರೆಯಲ್ಲಿದ್ದ ನೀಮೊಲ್ಲರನೂ ಒಬ್ಬನು. 1933ರಲ್ಲಿ ಹಿಟ್ಲರನ ಆಗಮನಕ್ಕೆ ಸಂತೋಷಪಟ್ಟವರ ಸಾಲಿನಲ್ಲಿ ಆತನೂ ಇದ್ದನು.

ಹೀಗಿರಲಾಗಿ ನಾವು ಅಧಿಕಾರಿಗಳನ್ನು ಶತ್ರುಗಳೆಂದು ಎಣಿಸಬೇಕೋ? ಎಂದಿಗೂ ಇಲ್ಲ. ಅರಸರಿಗಾಗಿಯೂ ಅಧಿಕಾರದಲ್ಲಿರುವವರೆಲ್ಲರಿಗಾಗಿಯೂ ಪ್ರಾರ್ಥಿಸಬೇಕೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಅಪೊಸ್ತಲನು ಕಲಿಸಿದ್ದಾನೆ. ತೆರಿಗೆ ಕೊಡತಕ್ಕವರಿಗೆ ತೆರಿಗೆ ಕೊಡಬೇಕೆಂದು ರೋಮಾಪುರದವರಿಗೂ ಬರೆದಿದ್ದಾನೆ. ಆ ಕಾಲದ ಚಕ್ರವರ್ತಿಗಳು ಕ್ರೈಸ್ತರಲ್ಲ. ನಮ್ಮ ದೇಶದಲ್ಲಾದರೋ 1950ನೇ ಜನವರಿ 26ರಿಂದ ಸಂವಿಧಾನವು ನಮಗೆ ಮತದ ಹಕ್ಕನ್ನೂ, ಅದರ 25ನೆಯ ವಿಧಿಯಲ್ಲಿ ನಂಬಿದ್ದನ್ನು ಆಚರಿಸುವ ಹಕ್ಕನ್ನೂ ಕೊಟ್ಟಿದೆ. ಮತವನ್ನು ಹಾಕದೆ ಮನೆಯಲ್ಲಿ ಕುಳಿತುಕೊಳ್ಳುವದನ್ನು ನಾವು ಭಕ್ತಿಯೆಂದು ಕರೆಯುವದಿಲ್ಲ. ಆದರೆ ಧರ್ಮದ ಹೆಸರಿನಲ್ಲಿ ಮತವನ್ನು ಕೇಳುವದು ಭ್ರಷ್ಟಾಚಾರವೆಂದು 1951ರ ಜನತಾ ಪ್ರಾತಿನಿಧ್ಯ ಕಾಯಿದೆಯು ಹೇಳುತ್ತದೆ. ಉಪದೇಶಿಗೆ ಒಂದು ಮತವುಂಟು. ಸಭೆಯ ಮತಗಳು ಉಪದೇಶಿಯ ಜೇಬಿನಲ್ಲಿ ಇಲ್ಲ. ಇದ್ದಂತೆ ತೋರಿಸಿಕೊಳ್ಳುವವನು ತನಗೆ ಸೇರದ ಸೊತ್ತನ್ನು ಮಾರುತ್ತಾನೆ.

ಇಷ್ಟೆಲ್ಲಾ ಬರೆದ ಮೇಲೆ ನಮ್ಮ ವಿಷಯವನ್ನು ಹೇಳದೆ ಬಿಟ್ಟರೆ ಈ ಪ್ರಸಂಗವು ಚಿದ್ಕೀಯನ ಕೊಂಬುಗಳಂತಾದೀತು.

ಕೆಲವು ವರುಷಗಳ ಹಿಂದೆ ನಮ್ಮ ಪ್ರಾರ್ಥನಾಲಯದ ಹೆಂಚುಗಳು ಒಡೆದು, ಮಳೆಗಾಲದಲ್ಲಿ ಮಕ್ಕಳನ್ನು ಒಂದೇ ಮೂಲೆಯಲ್ಲಿ ಕೂರಿಸಬೇಕಾಗುತ್ತಿತ್ತು. ಹಿಡಿ ಅಕ್ಕಿಯ ಕಾಣಿಕೆಯಿಂದ ಕೂಡಿದ ಹಣವು ಮರದ ಪಕಾಸಿಗೂ ಸಾಲದು. ಆಗ ಚುನಾವಣೆಗೆ ನಿಂತಿದ್ದ ಒಬ್ಬರು ಬಂದು ನೋಡಿ, ಮರುವಾರವೇ ತಗಡಿನ ಹಾಳೆಗಳನ್ನು ಗಾಡಿಯಲ್ಲಿ ಕಳುಹಿಸಿದರು. ನಾವು ಅವರಿಗೆ ಹಾರ ಹಾಕಿದೆವು. ಪ್ರಸಂಗ ಪೀಠದ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಆರಾಧನೆಯ ಕೊನೆಗೆ, ಉಪಕಾರವನ್ನು ಮರೆಯದೆ ಇರುವದು ಕ್ರೈಸ್ತನ ಲಕ್ಷಣವೆಂದು ಎಲ್ಲರಿಗೂ ಅರ್ಥವಾಗುವ ಹಾಗೆ ಹೇಳಿದೆವು. ಯಾರೂ ನಮ್ಮನ್ನು ಬಲಾತ್ಕರಿಸಿರಲಿಲ್ಲ. ಅವರು ಗೆದ್ದರು.

ಎರಡು ವರುಷಗಳಾದ ಮೇಲೆ ನಮ್ಮ ಸಭೆಯ ಒಬ್ಬ ವಿಧವೆಯ ಒಂದೂವರೆ ಎಕರೆ ಹೊಲಕ್ಕೆ ಕೆಲವರು ಬೇಲಿ ಹಾಕಿದರು. ಬೇಲಿ ಹಾಕಿದವರು ಯಾರ ಕಡೆಯವರೆಂಬದು ಊರಿಗೆಲ್ಲಾ ತಿಳಿದಿತ್ತು. ಆಕೆಯು ರಾತ್ರಿಯಲ್ಲಿ ಮಗನನ್ನು ಕರಕೊಂಡು ನಮ್ಮ ಮನೆಗೆ ಬಂದು, ತಹಶೀಲ್ದಾರರ ಕಚೇರಿಗೆ ನೀವೂ ಒಂದು ಸಲ ಬಂದು ನಿಂತುಕೊಳ್ಳಿರಿ ಅಯ್ಯನವರೇ, ನಮ್ಮಂಥವರ ಮಾತನ್ನು ಯಾರು ಕೇಳುತ್ತಾರೆ, ಎಂದು ಬೇಡಿಕೊಂಡಳು. ನಾವು ಪ್ರಾರ್ಥನೆ ಮಾಡಿದೆವು. ದೀರ್ಘವಾದ ಪ್ರಾರ್ಥನೆಯನ್ನೇ ಮಾಡಿದೆವು. ಬಳಿಕ, ಸ್ವಲ್ಪ ತಾಳೋಣ ಅಮ್ಮಾ, ದೇವರು ದಾರಿ ತೋರಿಸುವನು ಎಂದು ಹೇಳಿ ಕಳುಹಿಸಿದೆವು. ಕಚೇರಿಗೆ ಹೋಗಲಿಲ್ಲ. ಆಕೆಗೆ ಅರ್ಜಿಯನ್ನು ಬರೆದುಕೊಟ್ಟವನೂ ಸಂಗಡ ಹೋದವನೂ ಪಕ್ಕದ ಬೀದಿಯ ಒಬ್ಬ ಸ್ಕೂಲ್ ಮಾಸ್ತರನು. ಅವನು ನಮ್ಮ ಸಭೆಯವನಲ್ಲ, ನಮ್ಮ ಮತದವನೂ ಅಲ್ಲ.

ಅಂದಿನಿಂದ ಮಳೆ ಬಂದಾಗಲೆಲ್ಲಾ ಆ ತಗಡಿನ ಶಬ್ದದಲ್ಲಿ ನಮ್ಮ ಪ್ರಸಂಗವು ನಮಗೇ ಕೇಳಿಸುತ್ತಿರಲಿಲ್ಲ. ಆಕೆಯು ಮಾತ್ರ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಮೂರನೆಯ ಸಾಲಿನಲ್ಲಿ ಕುಳಿತುಕೊಳ್ಳುವಳು; ಹಿಡಿ ಅಕ್ಕಿಯ ಚೀಲವನ್ನು ಮರೆಯದೆ ತರುವಳು. ಆ ಅಕ್ಕಿಯಿಂದಲೂ ನಮ್ಮ ಮನೆಯಲ್ಲಿ ಅನ್ನವಾಗುತ್ತಿತ್ತೆಂಬದನ್ನು ನಾವು ಬಹಳ ತಡವಾಗಿ ಆಲೋಚಿಸಿದೆವು. ಅರಸನ ಮೇಜು ಎಲ್ಲಿದೆ, ನಮ್ಮನ್ನು ಸಾಕುವ ಮೇಜು ಎಲ್ಲಿದೆ ಎಂಬದರಲ್ಲಿಯೇ ನಾವು ತಪ್ಪಿಹೋಗಿದ್ದೆವು.

ಹೋದ ತಿಂಗಳು ಮೀಕಾಯೆಹುವಿನ ಅಧ್ಯಾಯವನ್ನು ಭಾನುವಾರದ ಪಾಠಕ್ಕಾಗಿ ಸಿದ್ಧಪಡಿಸುತ್ತಿದ್ದಾಗ ನಮ್ಮಿಂದ ಮುಂದೆ ಓದುವದಕ್ಕಾಗಲಿಲ್ಲ. ಪುಸ್ತಕವನ್ನು ಮುಚ್ಚಿ ಆಕೆಯ ಮನೆಗೆ ಹೋದೆವು. ಆಕೆಯು ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರವನ್ನು ಕೆಳಗಿಟ್ಟು ಚಾಪೆ ಹಾಸಿದಳು. ನಾವು ಮಾಡಿದ್ದು ತಪ್ಪೆಂದೂ, ಹೆದರಿದೆವೆಂದೂ, ತಗಡನ್ನು ತೆಗೆದುಕೊಂಡಾಗಲೇ ಬಾಯನ್ನು ಕೊಟ್ಟುಬಿಟ್ಟಿದ್ದೆವೆಂದೂ ಹೇಳಿದೆವು. ಆಕೆಯು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಬಳಿಕ, ಅಯ್ಯನವರೇ, ಬರುವ ಸೋಮವಾರ ಕಚೇರಿಯಲ್ಲಿ ಮತ್ತೆ ವಿಚಾರಣೆ ಉಂಟು, ಏಳು ಗಂಟೆಯ ಬಸ್ಸು ತಪ್ಪಿದರೆ ಬೇರೆ ಬಸ್ಸಿಲ್ಲ, ಎಂದಳು.

ಸೋಮವಾರ ಆರೂವರೆಗೆ ನಾವು ಬಸ್ ನಿಲ್ಲುವ ಅರಳಿಕಟ್ಟೆಯ ಬಳಿಗೆ ಹೋದಾಗ ಆಕೆಯೂ, ಮಗನೂ, ಆ ಮಾಸ್ತರನೂ ಮೊದಲೇ ಬಂದು ನಿಂತಿದ್ದರು.